ಮಾತು ನಿಂತ ಹನ್ನೊಂದು ನಿಮಿಷ

ಹರಿಣಾಕ್ಷಿ ಯಾವ ಹಾಡನ್ನೂ ಪೂರ್ತಿ ಕೇಳಲು ಬಿಡುವುದಿಲ್ಲ ಎಂಬ ದೂರು ಆಗ ನಮ್ಮ ಬಾನುಲಿಗೆ ದಿನಕ್ಕೆ ಎರಡಾದರೂ ಬರುತ್ತಿತ್ತು. ಮುಳ್ಳೇರಿಯ ಪೇಟೆಯ ಈ ಪುಟ್ಟ ಬಾನುಲಿಯ ಉಸ್ತುವಾರಿ ನನ್ನದು. ಹಾಗಾಗಿ ಬೈಸಿಕೊಳ್ಳುವವನೂ ನಾನೇ.

ಅವಳು ಮೊದಲು ಮೈಕ್ ಹಿಡಿದದ್ದು ಜೀಪಿನಲ್ಲಿ. ಹತ್ತನೆಯ ತರಗತಿ ಮುಗಿಸಿ ಬೀಡಿ ಕಟ್ಟುತ್ತಿದ್ದ ಹುಡುಗಿ ಕಬಡ್ಡಿ ಪಂದ್ಯ, ನಾಟಕ, ಜವಳಿ ಅಂಗಡಿಯ ಆಟಿ ತಿಂಗಳ ಸೇಲು ಎಂದು ಊರೂರು ಸುತ್ತಿ ಅನೌನ್ಸ್ ಮಾಡುತ್ತಿದ್ದಳು. ಮದುವೆಯಾದ ಮೇಲೂ ಬಿಡಲಿಲ್ಲ. ಆ ಸ್ವರ ಕೇಳಿ ಜೀಪಿಗೆ ಅಡ್ಡ ನಿಂತು ಕರೆದವನು ನಾನು. ಆರು ವರ್ಷಗಳಿಂದ ಬೆಳಗ್ಗೆ ಐದರಿಂದ ಎಂಟರವರೆಗಿನ ಕಾರ್ಯಕ್ರಮ ಅವಳದು. ಅಷ್ಟು ಬೇಗ ಕೇಳುವವರಲ್ಲಿ ಹೆಚ್ಚಿನವರು ರಬ್ಬರ್ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗಿನವರು. ತಲೆಗೆ ಟಾರ್ಚು, ಸೊಂಟಕ್ಕೆ ರೇಡಿಯೊ. ಅವಳ ಗಂಡ ಸುಧೀರನೂ ಅವರಲ್ಲೊಬ್ಬ. ಹೆಂಡತಿಯನ್ನು ಬೈಕಿನಲ್ಲಿ ತಂದು ಇಳಿಸಿ ಅವನು ಗುಡ್ಡದ ತೋಟಕ್ಕೆ ಹೋಗುತ್ತಾನೆ.

ಕಳೆದ ಡಿಸೆಂಬರಿನಲ್ಲಿ ಆ ಗುಡ್ಡಕ್ಕೆ ಚಿರತೆ ಬಂತು. ಮೊದಲು ಒಂದು ನಾಯಿ ಹೋಯಿತು, ಮತ್ತೆ ಎರಡು ಆಡು. ಬೆಳಕಾದ ಮೇಲೆ ಹೋಗಿ ಎಂದು ಹೆಂಡತಿ ಎಷ್ಟು ಹೇಳಿದರೂ ಸುಧೀರ ಕೇಳಲಿಲ್ಲ. ಬಿಸಿಲೇರಿದರೆ ಮರ ಹಾಲು ಕೊಡುವುದು ಕಡಿಮೆ. ಗಲಾಟೆ ಇದ್ದಲ್ಲಿಗೆ ಚಿರತೆ ಬರುವುದಿಲ್ಲವೆಂದು ಯಾರೋ ಹೇಳಿದ್ದನ್ನು ಹರಿಣಾಕ್ಷಿ ಗಟ್ಟಿಯಾಗಿ ಹಿಡಿದುಕೊಂಡಳು. ಕೆಲಸ ಮುಗಿಯುವವರೆಗೂ ರೇಡಿಯೊ ದೊಡ್ಡದಾಗಿ ಇಡುತ್ತೇನೆಂದು ಗಂಡನಿಂದ ಮಾತು ತೆಗೆದುಕೊಂಡಳು.

ಆಮೇಲೆ ಶುರುವಾಯಿತು ನೋಡಿ ಅವಳ ಮಾತು. ಮೆಲ್ಲನೆಯ ಹಾಡು ಬಂದರೆ ನಡುವೆ ಬಾಯಿ ಹಾಕುತ್ತಿದ್ದಳು. ಕೊಳಲು ಬಂದರೆ ಹಾಡನ್ನೇ ಕತ್ತರಿಸುತ್ತಿದ್ದಳು. ಬಸ್ಸಿನ ಸಮಯ, ಅಡಿಕೆ ಧಾರಣೆ, ಬೆಳ್ಳುಳ್ಳಿ ಒಗ್ಗರಣೆ, ಬಾಯಿಗೆ ಬಂದದ್ದೆಲ್ಲ ಹೇಳುತ್ತಿದ್ದಳು.

“ಸ್ವಲ್ಪ ಉಸಿರು ಬಿಡು ಮಾರಾಯ್ತಿ. ಜನ ಹಾಡು ಕೇಳ್ಲಿಕ್ಕೆ ರೇಡಿಯೊ ಹಾಕುದು,” ಎಂದೆ ಒಮ್ಮೆ.

“ಅಲ್ಲಿ ಅವರಿಗೆ ಫೋನ್ ಸಿಕ್ಕುದಿಲ್ಲ ಅಣ್ಣ. ನಾನು ಸುಮ್ಮನಾದ್ರೆ ಅವರ ಹತ್ರ ಬೇರೆ ಎಂತ ಉಂಟು?”

ಮತ್ತೆ ನಾನು ಆ ಸುದ್ದಿ ಎತ್ತಲಿಲ್ಲ.

ಜನವರಿಯ ಒಂದು ಮಂಗಳವಾರ ಐದೂ ಇಪ್ಪತ್ತಕ್ಕೆ ಕರೆಂಟು ಹೋಯಿತು. ಇನ್ವರ್ಟರೂ ಕೈಕೊಟ್ಟಿತು. ಪ್ರಸಾರ ನಿಂತಿತು. ನಾನು ಕೆಳಗೆ ಜನರೇಟರಿನ ಬಳಿಗೆ ಓಡಿದೆ. ಎಳೆದೆಳೆದು ರಟ್ಟೆ ಸೋತಿತೇ ಹೊರತು ಅದು ಶುರುವಾಗಲಿಲ್ಲ. ಟಾರ್ಚಿಗೆಂದು ಮೇಲೆ ಬಂದರೆ, ಕತ್ತಲಲ್ಲಿ ಹರಿಣಾಕ್ಷಿ ಮೈಕಿಗೆ ಬಾಯಿಟ್ಟು ಮಾತಾಡುತ್ತಲೇ ಇದ್ದಳು.

“ಹೊರಗೆ ಹೋಗ್ತಾ ಇಲ್ಲ ಹರಿಣಾಕ್ಷಿ. ಯಾರಿಗೂ ಕೇಳುದಿಲ್ಲ.”

ಅವಳು ನಿಲ್ಲಿಸಲಿಲ್ಲ. ಬಸ್ಸುಗಳ ಹೆಸರನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು.

ಹನ್ನೊಂದು ನಿಮಿಷದ ಮೇಲೆ ಕರೆಂಟು ಬಂದು ಪ್ರಸಾರ ಸರಿಯಾಯಿತು. ಆಗ ಅವಳ ಸ್ವರವೇ ಹೊರಡಲಿಲ್ಲ. ನಾನು ಹಾಡಿನ ಮೇಲೆ ಹಾಡು ಹಾಕಿದೆ. ಸುಧೀರನ ಫೋನಿಗೆ ಎಷ್ಟು ಸಲ ಮಾಡಿದರೂ ವ್ಯಾಪ್ತಿಯ ಹೊರಗೆ. ನಿಲಯದ ಫೋನು ಬಡಿದುಕೊಂಡಾಗಲೆಲ್ಲ ಅವಳು ಗೋಡೆಗೆ ಒರಗುತ್ತಿದ್ದಳು. ಎತ್ತಲು ನನಗೂ ಧೈರ್ಯ ಬರುತ್ತಿರಲಿಲ್ಲ. ಹೀಗೆ ಎರಡು ಗಂಟೆ ಕಳೆಯಿತು.

ಏಳೂ ಮುಕ್ಕಾಲಿಗೆ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಹೆಂಡತಿಯನ್ನು ಕರೆದೊಯ್ಯಲು ಸುಧೀರ ಬಂದ, ಎಂದಿನಂತೆ ಅಂಗಿಯೆಲ್ಲ ರಬ್ಬರ್ ಹಾಲಿನ ವಾಸನೆ. ಹರಿಣಾಕ್ಷಿ ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು.

“ರೇಡಿಯೊ ನಿಂತಾಗ ಎಂತ ಮಾಡಿದ್ರಿ ನೀವು?”

“ನಿಂತಿತ್ತಾ? ಯಾವಾಗ?” ಎಂದು ಕೇಳಿಬಿಟ್ಟವನು ಕೂಡಲೇ ತಲೆ ತಗ್ಗಿಸಿದ.

“ತೋಟ ಮುಟ್ಟಿದ ಕೂಡ್ಲೇ ನಾನು ಆಫ್ ಮಾಡುದು. ಮೊದಲ ದಿನದಿಂದಲೇ. ತರಗೆಲೆ ಸದ್ದಾದ್ರೆ ಗೊತ್ತಾಗ್ಬೇಕಲ್ಲ, ನನಗೆ ಕಿವಿ ಬೇಕು. ನೀನು ಹೆದರ್ತಿ ಅಂತ ಹೇಳ್ಲಿಲ್ಲ.”

ಅವಳ ಕೈ ಅವನ ಎದೆಯ ಮೇಲೇ ನಿಂತಿತು. ಅಳು ಕೂಡ ನಿಂತಿತು.

“ಹಾಗಾದ್ರೆ ಇಷ್ಟು ದಿನ ಅಲ್ಲಿ ನೀವು ಒಬ್ರೇ ಇದ್ದದ್ದಾ?”

ಅಷ್ಟರಲ್ಲಿ ಹಾಡು ಮುಗಿಯಿತು. ಅವಳು ಮೈಕಿನ ಕಡೆ ತಿರುಗಲೂ ಇಲ್ಲ. ಸಮಯ ಏಳು ಗಂಟೆ ಐವತ್ತೆರಡು ನಿಮಿಷ ಎಂದು ನಾನೇ ಹೇಳಿದೆ.