ಕಪ್ಪು ಬಣ್ಣ ಬಳಿದ ಪೆಡಲ್

ಮಕ್ಕಳೇ, ನಮ್ಮ ವರ್ಕ್‌ಶಾಪಿನ ಟ್ರಯಲ್ ಪೀಸುಗಳೆಲ್ಲ ಯಾಕೆ ನಿಂಬೆಹಣ್ಣಿನ ಬಣ್ಣದಲ್ಲೇ ಇರುತ್ತವೆ ಎಂದು ಹೋದ ವಾರ ಕೇಳಿದಿರಿ. ನಿಮ್ಮ ಅಮ್ಮ ನನ್ನ ಮುಖ ನೋಡಿ ಸುಮ್ಮನಾದಳು. ಬಾಯಲ್ಲಿ ಹೇಳಲಾಗದ್ದನ್ನು ನಿಮ್ಮ ಅಜ್ಜಿ ನಾನು ಬರೆದಿಡುತ್ತಿದ್ದೇನೆ.

ನಿಮ್ಮ ತಾತ ಲಗ್ಗೆರೆಯ ಶೆಡ್ಡಿನಲ್ಲಿ ಲೋಹ ಕಡೆಯುವ ಲೇತ್ ನಡೆಸುತ್ತಿದ್ದರು. ಅವರು ತೀರಿಹೋದ ಮೇಲೆ ನಿಮ್ಮ ಅಮ್ಮ ಶ್ರೀಗಂಧದ ಕಾವಲಿನ ಈ ಮನೆಯ ಕೆಳಗಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟಳು. ಬೈಕಿಗೆ ಅಂಗಡಿಯಲ್ಲಿ ಸಿಗದ ಭಾಗ ಬೇಕಾದವರು ಅವಳ ಹತ್ತಿರ ಬರುತ್ತಾರೆ. ಹಳೆಯದರ ಅಳತೆ ತೆಗೆದು ಕಂಪ್ಯೂಟರಿನ ಕ್ಯಾಡ್‌ನಲ್ಲಿ ಹೊಸದರ ನಕ್ಷೆ ಬರೆಯುತ್ತಾಳೆ. ಮೊದಲು ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ಕಿನದೊಂದನ್ನು ಪ್ರಿಂಟ್ ಮಾಡಿ ಗಾಡಿಗೆ ಕೂರುತ್ತದೆಯೇ ಎಂದು ನೋಡುತ್ತಾಳೆ. ಅದು ಟ್ರಯಲ್ ಪೀಸು. ಕೂತರೆ, ಲಗ್ಗೆರೆಯ ಅದೇ ಶೆಡ್ಡಿನ ಮಿಷನ್ನಿನಲ್ಲಿ ಅಲ್ಯೂಮಿನಿಯಂ ಗಟ್ಟಿಯಿಂದ ಅಸಲಿಯನ್ನು ಕೊರೆಸಿ ತರುತ್ತಾಳೆ. ಅದರ ಚೂಪು ಅಂಚುಗಳನ್ನು ಸಣ್ಣ ಅರದಿಂದ ಉಜ್ಜಿ, ಎಣ್ಣೆ ಒರೆಸಿ, ಪೇಪರಿನಲ್ಲಿ ಸುತ್ತಿ ಕೊಡುವುದು ನನ್ನ ಕೆಲಸ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಆ ಕೆಲಸಕ್ಕೆ ಅಷ್ಟು ಸಾಕು. ಗಿರಾಕಿಗಳ ಜೊತೆ ಮಾತನಾಡುವುದು ಬೇಕಿರಲಿಲ್ಲ, ಅದೇ ನನಗೆ ಹಿತವಾಗಿತ್ತು.

ಹೇರೋಹಳ್ಳಿಯ ಒಬ್ಬ ಟ್ಯೂಷನ್ ಮೇಷ್ಟ್ರು ಹಿಂದಿನ ಬ್ರೇಕಿನ ಪೆಡಲ್ ಮಾಡಿಸಲು ಬಂದಿದ್ದರು. ಅವರ ಬಲಗಾಲಿನ ಪಾದ ಮಡಚುತ್ತಿರಲಿಲ್ಲ. ಬ್ರೇಕ್ ಹಾಕಬೇಕಾದರೆ ಇಡೀ ಕಾಲನ್ನೇ ಎತ್ತಿ ಇಡಬೇಕಿತ್ತು. ಹಿಮ್ಮಡಿಯಿಂದ ಒತ್ತುವ ಹಾಗೆ ನಿಮ್ಮ ಅಮ್ಮ ಒಂದು ಉದ್ದ ಪೆಡಲ್ ಬರೆದಳು. ಟ್ರಯಲ್ ಪೀಸು ಚೆನ್ನಾಗಿ ಕೂತಿತು. ಕಪ್ಪು ಬಣ್ಣ ಹೇಗೆ ಕಾಣುತ್ತದೋ ನೋಡಬೇಕು ಎಂದು ಅವರು ಹೇಳಿದ್ದರಿಂದ, ಆಗಿನ ಎಲ್ಲ ಟ್ರಯಲ್ ಪೀಸುಗಳಂತೆ ಬಿಳಿಯಾಗಿದ್ದ ಆ ಪೀಸಿಗೆ ಅವಳು ಕಪ್ಪು ಸ್ಪ್ರೇ ಹೊಡೆದು ಮೇಜಿನ ಮೇಲೆ ಒಣಗಲು ಇಟ್ಟಿದ್ದಳು. ಅದು ನನಗೆ ಗೊತ್ತಿರಲಿಲ್ಲ.

ಅವತ್ತು ಶನಿವಾರ. ಅಸಲಿ ಪೆಡಲ್ ತರಲು ನಿಮ್ಮ ಅಮ್ಮ ಲಗ್ಗೆರೆಗೆ ಹೊರಟಳು. "ಮೇಷ್ಟ್ರು ಬಂದ್ರೆ ಕೂರ್ಸಮ್ಮ, ಒಂದು ಲೋಟ ಕಾಫಿ ಕೊಡು, ಬಂದ್ಬಿಡ್ತೀನಿ" ಎಂದಳು. ಅವಳು ಹೋಗಿ ಅರ್ಧ ಗಂಟೆಯಾಗಿರಲಿಲ್ಲ, ಮೇಷ್ಟ್ರು ಬಂದರು.

"ಅಮ್ಮಾ, ಮೇಡಂ ಇಲ್ವಾ? ಇವತ್ತು ಪೆಡಲ್ ಕೊಡ್ತೀನಿ ಅಂತ ಮೆಸೇಜ್ ಹಾಕಿದ್ರು."

"ಇಲ್ಲ. ಬರ್ತಾಳೆ."

"ಮೆಕ್ಯಾನಿಕ್ ಕಾಯ್ತಾ ಇದಾನಮ್ಮ. ಹನ್ನೆರಡಕ್ಕೆ ಮಗಳ ಸ್ಕೂಲ್ ಬಿಡತ್ತೆ. ಅದೋ, ಅದೇ ಅಲ್ವಾ?" ಎಂದು ಮೇಜಿನ ಕಡೆ ಕೈ ತೋರಿಸಿದರು.

ಅಪರಿಚಿತ ಗಂಡಸಿನ ಎದುರು ಒಬ್ಬಳೇ ಕೂತು ಮಾತಾಡಬೇಕಲ್ಲ ಎಂಬುದೇ ನನ್ನ ಚಿಂತೆಯಾಗಿತ್ತು. ಪೆಡಲ್ ಎತ್ತಿಕೊಂಡೆ. ಹಗುರ ಅನ್ನಿಸಿತು. ನೂರಾರು ಭಾಗ ಉಜ್ಜಿದ ಕೈ ಇದು, ಅದಕ್ಕೆ ಗೊತ್ತಾಯಿತು. ಆದರೂ ಪೇಪರಿನಲ್ಲಿ ಸುತ್ತಿ ಅವರ ಕೈಗಿಟ್ಟೆ. ಅವರು ಹೋದರು. ಅವರು ಹೋದರಲ್ಲ ಎಂದು ಸಮಾಧಾನವೂ ಆಯಿತು.

ಹನ್ನೊಂದೂವರೆಗೆ ನಿಮ್ಮ ಅಮ್ಮ ಬಂದಳು. ಬ್ಯಾಗಿನಿಂದ ಬೆಳ್ಳಿಯಂತೆ ಹೊಳೆಯುವ ಪೆಡಲ್ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ಬಣ್ಣ ಆಮೇಲೆ ಹೊಡಿಯೋಣ, ಮೊದ್ಲು ಅಂಚು ಉಜ್ಜಿಕೊಡಮ್ಮ."

ಅಂಗೈ ಕೆಳಕ್ಕೆ ಜಗ್ಗಿತು. ಬೆಳಿಗ್ಗೆಯ ಹಗುರ ಪೆಡಲ್ ನೆನಪಾಯಿತು.

ಅವಳು ಮೇಜಿನ ಕಡೆ ತಿರುಗಿದಳು. "ಇಲ್ಲಿದ್ದ ಕಪ್ಪು ಪೀಸ್ ಎಲ್ಲಮ್ಮ?"

"ಮೇಷ್ಟ್ರಿಗೆ ಕೊಟ್ಟೆ."

"ಅಯ್ಯೋ ಅಮ್ಮಾ! ಅದು ಪ್ಲಾಸ್ಟಿಕ್ ಕಣೇ! ಜೋರಾಗಿ ಒಂದ್ಸಲ ಒತ್ತಿದ್ರೆ ಮುರಿದೇ ಹೋಗತ್ತೆ!"

ಫೋನ್ ಮಾಡಿದಳು. ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಹನ್ನೆರಡಕ್ಕೆ ಸ್ಕೂಲ್ ಬಿಡುತ್ತದೆ ಎಂದಿದ್ದರು. ಆ ಮಗುವನ್ನು ನಾನು ಒಂದು ಸಲ ನೋಡಿದ್ದೆ, ಬೈಕಿನ ಟ್ಯಾಂಕಿನ ಮೇಲೆ ಅಪ್ಪನ ಮುಂದೆ ಕೂತು ಬಂದಿದ್ದಳು. ಎರಡು ಜಡೆ, ಹಲ್ಲು ಬಿದ್ದ ಬಾಯಿ.

ಸ್ಕೂಟರ್ ಹತ್ತಿ ಹೇರೋಹಳ್ಳಿಗೆ ಹೊರಟೆವು, ಮೇಷ್ಟ್ರ ಮೆಕ್ಯಾನಿಕ್ ಅಂಗಡಿ ನಿಮ್ಮ ಅಮ್ಮನಿಗೆ ಗೊತ್ತಿತ್ತು. ಅಸಲಿ ಪೆಡಲನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದೆ. ಪೈಪಿಗೆಂದು ರಸ್ತೆಯ ತುಂಬ ಅಗೆದಿದ್ದರು. ದಾರಿಯಲ್ಲಿ ಎಲ್ಲಾದರೂ ಜನ ಗುಂಪು ಸೇರಿದ್ದರೆ ನಾನು ಕತ್ತು ಚಾಚಿ ನೋಡುತ್ತಿದ್ದೆ. ಒಂದು ಕಡೆ ಗುಂಪಿತ್ತು, ಟೊಮೆಟೊ ಗಾಡಿಯ ಮುಂದೆ. ಅದು ಟೊಮೆಟೊ ಗಾಡಿ ಎಂದು ತಿಳಿಯುವಷ್ಟರಲ್ಲಿ ನನಗೆ ಅಳುವೇ ಬಂದಿತ್ತು.

ಮೆಕ್ಯಾನಿಕ್ ಅಂಗಡಿಯ ಮುಂದೆ ಗುಂಡಿ ಇದ್ದುದರಿಂದ ಸ್ಕೂಟರ್ ಹೋಗಲಿಲ್ಲ. ನಾನೇ ಇಳಿದು ಹಲಗೆಯ ಮೇಲೆ ದಾಟಿದೆ. ಒಳಗೆ ನಾಲ್ಕೈದು ಗಂಡಸರು ನಿಂತಿದ್ದರು.

"ಮೇಷ್ಟ್ರ ಪೆಡಲ್..." ಎಂದೆ. ಸೆರಗು ಬಿಚ್ಚಿ ಅಸಲಿಯನ್ನು ತೋರಿಸಿದೆ.

ಮೆಕ್ಯಾನಿಕ್ ಅದನ್ನು ಕೈಯಲ್ಲಿ ತೂಗಿ ನೋಡಿದ. ಅವನ ಮುಖ ಬದಲಾಯಿತು. "ಆಂಟಿ, ಹಾಕಿ ಹತ್ ನಿಮಿಷ ಆಯ್ತು. ಸ್ಕೂಲ್ ಹತ್ರ ಹೋದ್ರು. ನಾನು ಅಂದೆ, ಏನ್ ಸಾರ್, ಇಷ್ಟು ಹಗುರ ಇದೆ ಅಂತ. ಅಲ್ಯೂಮಿನಿಯಂ ಹಂಗೇ ಕಣಯ್ಯ, ಆ ಮನೇಲಿ ತಪ್ಪು ಮಾಡಲ್ಲ ಅಂದ್ರು."

ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಸ್ಕೂಲಿನ ಗೇಟಿನಿಂದ ಮಾಗಡಿ ರೋಡಿನವರೆಗೆ ಇಳಿಜಾರು. ನಾವು ಮೂಲೆ ತಿರುಗುವಾಗ ಗೇಟಿನಲ್ಲಿ ಮಕ್ಕಳು, ಆಟೋಗಳು, ಗಾಡಿಗಳು. ನಿಮ್ಮ ಅಮ್ಮನ ಹಾರ್ನ್ ಯಾರಿಗೂ ಕೇಳಲಿಲ್ಲ. ಆಚೆ ತುದಿಯಲ್ಲಿ ಮೇಷ್ಟ್ರ ಬೈಕ್ ಕಂಡಿತು. ಮಗು ಟ್ಯಾಂಕಿನ ಮೇಲೆ ಕೂತಾಗಿತ್ತು. ಗಾಡಿ ಮೆಲ್ಲಗೆ ಹೊರಟಿತು.

ನಾನು ಇಳಿದು ಓಡಿದೆ. "ಮೇಷ್ಟ್ರೇ! ನಿಲ್ಲಿ! ಮೇಷ್ಟ್ರೇ!"

ಅಷ್ಟು ಜೋರಾಗಿ ನಾನು ಯಾವತ್ತೂ ಕೂಗಿದವಳಲ್ಲ. ನಿಮ್ಮ ತಾತ ಹೋದ ದಿನವೂ ಕೂಗಿರಲಿಲ್ಲ. ಮೇಷ್ಟ್ರು ಬೆಚ್ಚಿ ತಿರುಗಿ ಹಿಮ್ಮಡಿ ಒತ್ತಿದರು. ಚಟ್ ಎಂದಿತು. ಗಾಡಿ ಮುಂದೆ ಜಾರಿತು. ಅವರು ಮುಂದಿನ ಬ್ರೇಕ್ ಹಿಡಿದು ಎಡಗಾಲನ್ನು ನೆಲಕ್ಕೆ ಊರಿದರು. ಬೈಕ್ ಓಲಾಡಿ ನಿಂತಿತು. ಮುರಿದ ಕಪ್ಪು ತುಂಡು ರಸ್ತೆಯ ಮೇಲೆ ಬಿತ್ತು. ಮುರಿದ ಕಡೆ ಬಿಳಿ ಕಾಣುತ್ತಿತ್ತು. ಏನೋ ಆಟವೆಂದು ಮಗು ನಕ್ಕಿತು. ಕೆಳಗೆ ಮಾಗಡಿ ರೋಡಿನಲ್ಲಿ ಬಸ್ಸೊಂದು ಹಾದುಹೋಯಿತು. ಮೇಷ್ಟ್ರು ಅದನ್ನು ನೋಡಿದರು, ನಾನೂ ನೋಡಿದೆ.

ನಿಮ್ಮ ಅಮ್ಮ ಓಡಿ ಬಂದು, "ಸಾರ್, ತಪ್ಪು ನಂದು, ಅದು ಟ್ರಯಲ್ ಪೀಸು, ಅಮ್ಮನಿಗೆ ಗೊತ್ತಿರಲಿಲ್ಲ" ಎಂದಳು.

ಮೇಷ್ಟ್ರು ನನ್ನನ್ನು ನೋಡಿದರು. "ಗೊತ್ತಿರಲಿಲ್ವಾ ಅಮ್ಮ?"

ಗೊತ್ತಿರಲಿಲ್ಲ ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಗು ನನ್ನನ್ನೇ ನೋಡುತ್ತಿತ್ತು.

"ಕೈಗೆ ಹಗುರ ಅನ್ನಿಸ್ತು," ಎಂದೆ. "ನೀವು ಬೇಗ ಹೋದ್ರೆ ಸಾಕು ಅಂತ ಕೊಟ್ಬಿಟ್ಟೆ."

"ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತಮ್ಮ?"

ಅವರು ಮಗುವನ್ನು ಇಳಿಸಿ ಆಟೋ ಹತ್ತಿದರು. ಸ್ಕೂಟರನ್ನು ಅಲ್ಲೇ ಬಿಟ್ಟು, ಬೈಕನ್ನು ನಾವಿಬ್ಬರೂ ಮೆಕ್ಯಾನಿಕ್ ಅಂಗಡಿಯವರೆಗೆ ತಳ್ಳಿಕೊಂಡು ಹೋದೆವು. ದಾರಿಯುದ್ದಕ್ಕೂ ನಿಮ್ಮ ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಸಲಿ ಪೆಡಲನ್ನು ಮನೆಗೆ ತಂದು ಅಂಚು ಉಜ್ಜಿ ಇಟ್ಟೆ. ಅವರು ಮತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ಸೋಮವಾರ ಬಂದರು. ನಾನು ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ. ನಿಮ್ಮ ಅಮ್ಮ ಪೆಡಲ್ ಕೊಡಲು ಹೋದಾಗ ಅವರು ಕೈ ಚಾಚಲಿಲ್ಲ.

"ಮೊದ್ಲು ಅಮ್ಮನ ಕೈಗೆ ಕೊಡಿ ಮೇಡಂ."

ಹೊರಗೆ ಬರಲೇಬೇಕಾಯಿತು. ಪೆಡಲನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಎರಡು ಸಲ ತೂಗಿ ನೋಡಿದೆ. ಅವರು ಕಾದರು.

"ಇದು ಸರಿ ಇದೆ," ಎಂದೆ, ಅವರ ಮುಖ ನೋಡಿಯೇ.

ಅಂದಿನಿಂದ ಟ್ರಯಲ್ ಪೀಸುಗಳಿಗೆ ನಿಂಬೆಹಣ್ಣಿನ ಬಣ್ಣ ಬಿಟ್ಟು ಬೇರೆ ಬಣ್ಣವಿಲ್ಲ. ನನ್ನ ಕೈ ತೂಗದೆ ಯಾವ ಭಾಗವೂ ಈ ಮನೆಯ ಹೊಸಿಲು ದಾಟುವುದಿಲ್ಲ. ಮೇಷ್ಟ್ರ ಬೈಕ್ ಈಗಲೂ ನಮ್ಮ ಬೀದಿಯಲ್ಲಿ ಹಾದುಹೋಗುತ್ತದೆ. ಮೂಲೆಯ ರೋಡ್ ಹಂಪಿನ ಹತ್ತಿರ ಬ್ರೇಕ್ ಬಿದ್ದು ಅದು ನಿಧಾನವಾಗುವ ಸದ್ದು ಕೇಳುವವರೆಗೆ ನಾನು ಅರ ಕೆಳಗಿಟ್ಟು ಕಾಯುತ್ತೇನೆ.