ಮಣಿಕಟ್ಟಿಗೆ ಹೊಂದುವ ಕ್ರೀಮು

‘ಎಲ್ಲ ಚರ್ಮಕ್ಕೂ ಹೊಂದುತ್ತದೆ’ ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನಾನು ಹಾಗೇ ನಂಬಿದ್ದೆ. ಆ ಬಣ್ಣದ ಸನ್‌ಸ್ಕ್ರೀನ್ ಗೋಸುಂಬೆಯ ಹಾಗೆ ತಾನಾಗಿ ನಮ್ಮ ಬಣ್ಣಕ್ಕೆ ತಿರುಗುತ್ತದೆ ಎಂದುಕೊಂಡು, ಹಚ್ಚಿ ಅರ್ಧ ಗಂಟೆ ಕನ್ನಡಿಯ ಮುಂದೆ ಕಾದೆ. ತಿರುಗಲಿಲ್ಲ. ಬಸ್ಸಿನಲ್ಲಾದರೂ ತಿರುಗೀತು ಎಂದು ಹೊರಟೆ.

“ಎಂತ ಮಾರಾಯ, ಬೂದಿಗುಂಡಿಯಿಂದ ಎದ್ದು ಬಂದೆಯಾ?” ಎಂದರು, ಎರ್ನಾಕುಲಂ ಅಂಗಡಿಯ ಕೌಂಟರಿನಲ್ಲಿದ್ದ ರಾಜೀವಕ್ಕ. ಆ ಕ್ರೀಮನ್ನು ಅಂಗಡಿಗಳಿಗೆ ತಲುಪಿಸುವ ಸೇಲ್ಸ್‌ಮನ್ ನಾನೇ!

ರಾಜೀವಕ್ಕ ಕುಂಬಳೆಯವರು. ಹನ್ನೊಂದು ವರ್ಷದಿಂದ ನಮ್ಮ ಕಂಪನಿಯ ಪರವಾಗಿ ಅಲ್ಲಿ ನಿಂತು ಮಾರುವವರು. ಎರಡೂ ಕೆನ್ನೆಗೆ ಬಂಗು. ಬಿಸಿಲಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ, ಬಣ್ಣ ಇರುವ ಸನ್‌ಸ್ಕ್ರೀನೇ ಹಚ್ಚಿ ಎಂದು ಡಾಕ್ಟರು ಹೇಳಿದ್ದರು. ಕಂಪನಿ ಮಾಡಿದ್ದು ಮೂರು ಬಣ್ಣ: ಬಿಳಿ, ಇನ್ನೂ ಸ್ವಲ್ಪ ಬಿಳಿ, ಗೋಧಿ. ಅಕ್ಕನದು ಹುಣಸೆಬೀಜದ ಬಣ್ಣ.

“ಬೇಕಾದ್ದು ನಮಗೆ, ಮಾಡಿದ್ದು ಬೇರೆಯವರಿಗೆ,” ಎಂದು ಸಿಡುಕುತ್ತಿದ್ದರು.

ಕಂಪನಿ ಕಲಿಸಿದ್ದು ಮಣಿಕಟ್ಟಿನ ಒಳಬದಿಗೆ ಹಚ್ಚಿ ತೋರಿಸಲು. ಬಿಸಿಲು ಕಾಣದ ಜಾಗ. ಎಂಥವರಿಗೂ ಅಲ್ಲಿ ಹೊಂದಿದಂತೆ ಕಾಣುತ್ತದೆ. ರಾಜೀವಕ್ಕ ದವಡೆಗೆ ಹಚ್ಚಿ, ಕೈಗನ್ನಡಿ ಕೊಟ್ಟು, ಗಿರಾಕಿಯನ್ನು ಬಾಗಿಲಾಚೆಯ ಬೆಳಕಿಗೆ ಕಳಿಸುತ್ತಿದ್ದರು. ಗೋಧಿ ಬಣ್ಣದವರು ಕೊಂಡರು. ಉಳಿದವರು ಒರೆಸಿಕೊಂಡು, “ಥ್ಯಾಂಕ್ಸ್ ಚೇಚಿ” ಎಂದು ಮಲಯಾಳದಲ್ಲಿ ಅಕ್ಕ ಎಂದು ಕರೆದು ಹೋದರು. ಮಾರಾಟ ಬಿತ್ತು. ಕಂಪನಿಯವರು ನಮ್ಮಿಬ್ಬರಿಗೂ ತಿರುವನಂತಪುರದ ಸಭೆಗೆ ಬರಲು ಹೇಳಿದರು. ಅಕ್ಕನ ಕೆಲಸ ಉಳಿಯುವುದೋ ಹೋಗುವುದೋ ಅಲ್ಲೇ ತೀರ್ಮಾನ.

ರೈಲಿನಲ್ಲಿ ಬುದ್ಧಿ ಹೇಳಲು ಹೋದೆ. “ಅಕ್ಕಾ, ಮಣಿಕಟ್ಟಿಗೇ ಹಚ್ತೇನೆ ಅಂತ ಒಂದ್ಸಲ ಹೂಂ ಅಂದ್ಬಿಡಿ.”

“ನೀನು ಹೂಂ ಅಂದೇ ಅಲ್ವಾ ಬೂದಿ ಬಳಿದುಕೊಂಡದ್ದು?”

ತಿರುವನಂತಪುರದ ಸ್ಟೇಷನ್ ಬಳಿ, ತಂಪಾನೂರಿನ ಹೋಟೆಲಿನಲ್ಲಿ ನಡೆದ ಸಭೆಯಲ್ಲಿ, ಬೆಂಗಳೂರಿನಿಂದ ಬಂದ ಮ್ಯಾನೇಜರ್ ಆಶಿಶ್ ಟ್ಯೂಬು ಹಿಡಿದು, “ಕೈ ಕೊಡಿ ಮೇಡಂ, ಎಲ್ಲರಿಗೂ ತೋರಿಸೋಣ,” ಎಂದರು. ಅಕ್ಕ ಕೈ ಕೊಡಲಿಲ್ಲ, ಟ್ಯೂಬನ್ನೇ ಕಿತ್ತುಕೊಂಡರು. ಅರ್ಧ ಮುಖಕ್ಕೆ ಬಳಿದುಕೊಂಡು, ಕಿಟಕಿಯ ಪರದೆ ಸರ್ರನೆ ಎಳೆದು ಬೆಳಕಿಗೆ ನಿಂತರು. ಅರ್ಧ ಮುಖ ಅವರದು, ಅರ್ಧ ಸತ್ತವರದು. ನಾನು ಬೂಟು ನೋಡಿಕೊಂಡೆ. ಆ ತಿಂಗಳ ನನ್ನ ಟಾರ್ಗೆಟ್ ಮುಗಿದದ್ದು ಬೇರೆ ಅಂಗಡಿಗಳಲ್ಲಿ ಹಚ್ಚಿ ತೋರಿಸಿದ ಮಣಿಕಟ್ಟುಗಳಿಂದಲೇ. ಸಿಟ್ಟು ಬಂತು, ಮೊದಲು ನನ್ನ ಮೇಲೆ.

ಆಶಿಶ್ ಮುಖ ಕೆಂಪಾಯಿತು. “ನಮ್ಮ ಸಂಬಳ ತಗೊಂಡೇ ಈ ನಾಟಕಾನಾ? ಸರಿ, ಕಪ್ಪಗಿರೋರು ಕೌಂಟರ್‌ಗೆ ಬಂದ್ರೆ ಏನಂತ ಹೇಳಿ ಮಾರ್ತೀರಿ?”

ಅಕ್ಕ ಟ್ಯೂಬನ್ನು ಮೇಜಿನ ಮೇಲಿಟ್ಟರು. “ನಿಮ್ಮ ಬಣ್ಣಕ್ಕೆ ಇವರು ಕ್ರೀಮು ಮಾಡ್ಲಿಲ್ಲ ಅಂತ ಹೇಳ್ತೇನೆ. ಮಾರುದಿಲ್ಲ.”