ನಡುಗೋಡೆಯ ಮೇಲೆ ಟವರ್

ಅವತ್ತು ಮುಂಜಾನೆ ನಮ್ಮೂರ ಪಂಚಾಯಿತಿ ಹಾಲ್‌ನಲ್ಲಿ ಮೇಜಿನ ಆಚೆ ಅಧ್ಯಕ್ಷಿಣಿ ಕೂತಿದ್ದರು, ಅವರ ಪಕ್ಕದಲ್ಲಿ ಪಿಡಿಓ ಸಾಹೇಬರು. ಮೇಜಿನ ಈಚೆ ಮೊದಲ ಕುರ್ಚಿಯಲ್ಲಿ ನಮ್ಮ ಓಣಿಯ ಕಾಕಾ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟುಕೊಂಡು. ಅವನ ಬದಿಗೆ ಕೊಲ್ಲಾಪುರದಿಂದ ಬಂದಿದ್ದ ಟವರ್ ಕಂಪನಿಯ ಮನುಷ್ಯ, ತೊಡೆಯ ಮೇಲೆ ಸುರುಳಿ ಸುತ್ತಿದ ನಕಾಶೆ ಇಟ್ಟುಕೊಂಡಿದ್ದ. ಹಿಂದೆ ಜಮಖಾನೆಯ ಮೇಲೆ ನಾವು: ನನ್ನ ಅಪ್ಪನ ತಂದೆ ಮುತ್ಯಾ, ಅವ್ವ, ನಾನು, ಓಣಿಯ ಉಳಿದ ಹೆಂಗಸರು. ಬಾಗಿಲ ಹತ್ತಿರ ಗೋಡೆಗೆ ಆತು ನಿಂತಿದ್ದವಳು ನಮ್ಮ ಓಣಿಯ ಚಾಚಿ. ಅವಳ ಸೆರಗಿನೊಳಗೆ ಮುಚ್ಚಳ ಹಾಕಿದ ಒಂದು ಸ್ಟೀಲ್ ಬಟ್ಟಲಿತ್ತು. ಅದರಲ್ಲಿ ಏನಿದೆ ಎಂಬುದು ಓಣಿಯ ಹೆಂಗಸರಾದ ನಮಗೆ ಮಾತ್ರ ಗೊತ್ತಿತ್ತು.

ಕಾಕಾ ಅಂದರೆ ಸ್ವಂತ ಕಾಕಾ ಅಲ್ಲ, ಚಾಚಿಯೂ ಸ್ವಂತ ಚಾಚಿ ಅಲ್ಲ. ಕಬ್ಬೂರಿನ ಕಡೆಯ ನಮ್ಮೂರಲ್ಲಿ ಮಗು ಮಾತು ಕಲಿಯುವಾಗ ಹೆಸರಿಗಿಂತ ಮೊದಲು ಸಂಬಂಧ ಕಲಿಯುತ್ತದೆ. ಹಾಗೆ ನಾನೂ ಕಲಿತದ್ದು. ಚಾಚಿ ಕೌದಿ ಹೊಲಿಯುತ್ತಾಳೆ. ಮಧ್ಯಾಹ್ನ ಅವಳ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಸೂಜಿ ಹಿಡಿದು ಕೂಡುತ್ತೇವೆ. ಹೊಲಿಗೆ ಅರ್ಧ, ಮಾತು ಅರ್ಧ. ಕಾಕಾನಿಗೆ ಕಬ್ಬಿನ ಹೊಲ ಇದೆ, ಊರಲ್ಲಿ ನಾಲ್ಕು ಮಂದಿ ಅವನ ಮಾತು ಕೇಳುತ್ತಾರೆ, ಕೆಟ್ಟ ಮನುಷ್ಯ ಅಲ್ಲ. ಆದರೆ ತಾನು ಒಮ್ಮೆ ಮನಸ್ಸು ಮಾಡಿದ ಕೆಲಸಕ್ಕೆ ಜಗತ್ತೇ ಒಪ್ಪಿದೆ ಎಂದು ತಿಳಿಯುವ ಸ್ವಭಾವ.

ಅವನ ಮನೆಗೂ ಚಾಚಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಕಲ್ಲು ಮತ್ತು ಮಣ್ಣಿನದು, ಎರಡು ಮನೆಗೂ ಸೇರಿದ್ದು, ನಡುಗೋಡೆ ಅನ್ನುತ್ತೇವೆ. ಕಾಕಾ ಹಳೇ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದಾಗ ಮೂರು ಕಡೆ ಹೊಸದಾಗಿ ಇಟ್ಟಂಗಿ ಗೋಡೆ ಕಟ್ಟಿಸಿದ. ನಾಲ್ಕನೆಯ ಕಡೆ ಮಾತ್ರ ಸ್ಲ್ಯಾಬನ್ನು ನಡುಗೋಡೆಯ ಮೇಲೆಯೇ ಕೂಡಿಸಿದ. ಆಗ ಇನ್ನೂ ಬದುಕಿದ್ದ ಚಾಚಿಯ ಗಂಡ, ಇರಲಿ ಬಿಡು, ಗೋಡೆ ಇಬ್ಬರದೂ ಅಲ್ಲವೇ ಅಂದಿದ್ದನಂತೆ. ಅಂದಿನಿಂದ ಆ ಗೋಡೆ ಚಾಚಿಯ ಅಡಿಗೆಮನೆಯ ಕಡೆಗೆ ಸ್ವಲ್ಪ ಹೊಟ್ಟೆ ಬಿಟ್ಟಿದೆ. ಒಲೆಯ ಮುಂದೆ ಕೂತರೆ ಅದು ನಮ್ಮ ಕಡೆ ಬಾಗಿ ಮಾತು ಕೇಳುತ್ತಿದೆಯೇನೋ ಅನ್ನಿಸುತ್ತದೆ. ಚಾಚಿ ಮಲಗುವುದೂ ಅದರ ಬುಡದಲ್ಲೇ.

ಆ ಸ್ಲ್ಯಾಬಿನ ಮೇಲೆ ಮೊಬೈಲ್ ಟವರ್ ಬರುವುದಿತ್ತು.

ಟವರ್ ಬೇಡ ಅನ್ನುವವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಫೋನ್ ಬಂದರೆ ಮಾಳಿಗೆ ಹತ್ತಬೇಕು, ಅಲ್ಲೂ ಮಾತು ಅರ್ಧಕ್ಕೆ ಕಡಿಯುತ್ತದೆ. ಆದರೆ ನಾವು ಟವರಿನ ಸುದ್ದಿ ಕೇಳುವ ಮೊದಲೇ ಅದಕ್ಕೆ ಒಪ್ಪಿ ಬಿಟ್ಟಿದ್ದೆವು. ಅದು ಹೇಗೆ ಅಂದರೆ, ಪೇಡೆ ತಿಂದು.

ರಮಜಾನ್ ತಿಂಗಳ ಒಂದು ದಿನ ಕಾಕಾ ತಾನೇ ಡಬ್ಬಿ ಹಿಡಿದು ಓಣಿಯ ಮನೆಮನೆಗೆ ಬಂದ. ನಮ್ಮ ಕಡೆ ಯಾರಾದರೂ ಪೇಡೆ ತಂದರೆ ಯಾಕೆ ಅಂತ ಮೊದಲು ಕೇಳುವುದಿಲ್ಲ. ಬಾಯಿಗೆ ಹಾಕಿಕೊಂಡ ಮೇಲೆ ಕೇಳಬೇಕು. ಮೊದಲೇ ಕೇಳಿದರೆ ಅವರ ಸಂತೋಷದ ಮೇಲೆ ಅನುಮಾನಪಟ್ಟ ಹಾಗೆ. ಅಷ್ಟೇ ಅಲ್ಲ, ತಿಂದ ಮೇಲೆ ಆ ಕೆಲಸಕ್ಕೆ ಅಡ್ಡ ಬರುವಂತಿಲ್ಲ. ಹೆಣ್ಣು ಗೊತ್ತು ಮಾಡುವುದನ್ನೇ ನಾವು ಸಕ್ಕರೆಪುಡಾ ಅನ್ನುವವರು. ಸಕ್ಕರೆ ಬಾಯಿಗೆ ಬಿದ್ದರೆ ಮಾತು ಮುಗಿಯಿತು.

"ಮನ್ಯಾಗ ಒಂದ ಚಲೋ ಕೆಲಸ ಆಗಾಕತ್ತೈತಿ. ನಿಮ್ಮೆಲ್ಲಾರ ಆಶೀರ್ವಾದ ಇರ್ಲಿ," ಅಂದ ಕಾಕಾ.

ಮಗಳ ಮದುವೆ ಗೊತ್ತಾಗಿರಬೇಕು ಅಂತ ನಾವೆಲ್ಲ ತಿಳಿದೆವು. ಅವ್ವ ತಿಂದಳು. ನಾನು ಎರಡು ತಿಂದೆ. ಸಕ್ಕರೆ ಕಾಯಿಲೆಯ ಮುತ್ಯಾ, ಅವ್ವ ಒಳಗೆ ಹೋದ ಗಳಿಗೆಯಲ್ಲಿ ಒಂದನ್ನು ಬಾಯಿಗೆ ಹಾಕಿ, ಅವಳು ಬರುವಷ್ಟರಲ್ಲಿ ಮೀಸೆ ಒರೆಸಿಕೊಂಡು ಕೂತ. ವರ ಯಾವೂರವನು, ರಾಯಬಾಗದವನೋ ನಿಪ್ಪಾಣಿಯವನೋ ಅಂತ ಓಣಿಯಲ್ಲಿ ಎರಡು ದಿನ ಚರ್ಚೆಯಾಯಿತು.

ಆಮೇಲೆ ಒಂದು ಮುಂಜಾನೆ ಗಿರಣಿಯಿಂದ ಹಿಟ್ಟು ಬೀಸಿಸಿಕೊಂಡು ಬರುವಾಗ ಪಂಚಾಯಿತಿಯ ಗೋಡೆಗೆ ಹಚ್ಚಿದ ನೋಟಿಸ್ ಕಂಡಿತು. ಓಣಿಯ ಇಂಥ ಮನೆಯ ಮೇಲೆ ಟವರ್ ನಿಲ್ಲಿಸಲು ಅರ್ಜಿ ಬಂದಿದೆ, ಅಕ್ಕಪಕ್ಕದವರ ತಕರಾರಿದ್ದರೆ ಸಭೆಯಲ್ಲಿ ಬಂದು ಹೇಳಬೇಕು ಅಂತ. ಹಿಟ್ಟಿನ ಡಬ್ಬಿ ತಲೆಯ ಮೇಲೆಯೇ ಇತ್ತು, ಮನೆ ಮುಟ್ಟಿದ ಮೇಲೂ ಇಳಿಸಬೇಕೆಂಬುದೇ ನೆನಪಾಗಲಿಲ್ಲ. ಅದೇ ಹೊತ್ತಿಗೆ ಓಣಿಯಲ್ಲಿ ಒಂದು ಟೆಂಪೋ ನಿಂತು ಕೆಂಪು ಬಣ್ಣ ಬಳಿದ ಕಬ್ಬಿಣದ ಸಾಮಾನು ಇಳಿಸುತ್ತಿತ್ತು. ಅದನ್ನೆಲ್ಲ ಚಾಚಿಯ ಬಾಗಿಲ ಮುಂದೆಯೇ ಒಟ್ಟಿದರು. ಸಭೆ ಇನ್ನೂ ಆಗಿರಲಿಲ್ಲ.

ಮಧ್ಯಾಹ್ನ ಚಾಚಿಯ ಪಡಸಾಲೆಯಲ್ಲಿ ಯಾರೂ ಸೂಜಿ ಎತ್ತಲಿಲ್ಲ.

"ಸ್ಲ್ಯಾಬಿನ ಆ ಮೂಲ್ಯಾಗ ಟವರಿನ ಒಂದ ಕಾಲ ಬರತೈತಂತ," ಅಂದಳು ಅವ್ವ. "ಅಂದ್ರ ಸೀದಾ ಈ ಗ್ವಾಡಿ ಮ್ಯಾಲ."

"ಮುಂದ ಮಳಿಗಾಲ," ಅಂದಳು ಚಾಚಿ. "ಇದು ಕುಸದ ಕುಂತ್ರ ನಾನೂ ಇದರ ಕೆಳಗ ಕುಂತಂಗ."

"ಹಂಗಾದ್ರ ನಾಳಿ ಸಭಾದಾಗ ಎದ್ದ ಹೇಳೂಣು," ಅಂದೆ ನಾನು.

ಅವ್ವ ತಲೆ ತಗ್ಗಿಸಿದಳು. "ಹ್ಯಾಂಗ ಹೇಳ್ತಿ? ಪೇಡೆ ತಿಂದೇವಲ್ಲ."

ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿಂದವರೇ ಎಲ್ಲ. ಒಬ್ಬಾಕೆ ತನ್ನದನ್ನು ಮೊಮ್ಮಗಳಿಗೆ ಕೊಟ್ಟೆ ಅಂದಳು, ಅದೂ ತಿಂದ ಲೆಕ್ಕವೇ ಅಂದರು ಉಳಿದವರು. ನನಗೆ ಸಿಟ್ಟು ಬಂದಿತು, ನಗುವೂ ಬಂದಿತು. ಒಂದು ಹಾಲಿನ ಪೇಡೆ ಇಡೀ ಓಣಿಯ ನಾಲಿಗೆ ಕಟ್ಟಿಹಾಕಿ ಕೂತಿತ್ತು.

ಆಗ ಚಾಚಿ ಎದ್ದು ಒಳಗೆ ಹೋಗಿ ಗೋಡೆಯ ಗೂಡಿನಿಂದ ಒಂದು ಬಟ್ಟಲು ತಂದಳು. "ನಾ ತಿಂದಿಲ್ಲ ಬೇ," ಅಂದಳು. "ಅವತ್ತ ರೋಜಾ ಇದ್ನಿ. ಸಂಜೀಗೆ ತಿನ್ನೂಣಂತ ಇಟ್ನಿ, ಮರತ ಬಿಟ್ನಿ." ಮುಚ್ಚಳ ತೆಗೆದು ತೋರಿಸಿದಳು. ಒಣಗಿ ಬಿರುಕುಬಿಟ್ಟ ಪೇಡೆ ಹಾಗೆಯೇ ಕೂತಿತ್ತು. ಅವ್ವ ಅದನ್ನು ಬಂಗಾರ ನೋಡಿದ ಹಾಗೆ ನೋಡಿದಳು.

ಇಷ್ಟು ಆದ ಮೇಲೆ ನಾವು ಪಂಚಾಯಿತಿ ಹಾಲ್‌ನಲ್ಲಿ ಕೂತಿದ್ದದ್ದು.

ಕಂಪನಿಯವನು ನಕಾಶೆ ಬಿಚ್ಚಿ ಅಧ್ಯಕ್ಷಿಣಿಗೆ ತೋರಿಸಿದ. ಕಾಕಾ ಎದ್ದು ನಿಂತು, "ಅಕ್ಕಾರ, ಓಣ್ಯಾಗ ಯಾರದೂ ತಕರಾರ ಇಲ್ರಿ. ಎಲ್ಲಾರ ಬಾಯೀ ಸಿಹಿ ಮಾಡೀನಿ. ಕೇಳ್ರಿ ಬೇಕಾದ್ರ," ಅಂದ. ಅಧ್ಯಕ್ಷಿಣಿ ನಮ್ಮ ಕಡೆ ನೋಡಿದರು. ನಾವು ಜಮಖಾನೆಯ ಪಟ್ಟೆ ನೋಡಿದೆವು.

ಚಾಚಿ ಬಾಗಿಲಿನಿಂದ ನಡೆದು ಬಂದು ಬಟ್ಟಲನ್ನು ಮೇಜಿನ ಮೇಲೆ, ನಕಾಶೆಯ ಮೇಲೆಯೇ ಇಟ್ಟಳು.

"ಇದು ನಿಮ್ಮ ಪೇಡೆ, ಭಾಯೀ. ನಾ ತಿಂದಿಲ್ಲ. ನನ್ನ ತಕರಾರ ಐತಿ."

ಕಾಕಾನ ಮುಖ ಕೆಂಪಗಾಯಿತು. "ಭಾಬೀ, ಇದೇನ ಪದ್ಧತಿ? ಕೊಟ್ಟದ್ದ ತಿರುಗಿ ಕೊಡತಾರೇನ ಯಾರರೆ?"

"ಗ್ವಾಡಿ ಇಬ್ಬರದೂ ಇದ್ದಾಗ ಒಬ್ಬರನ್ನ ಕೇಳದ ಅದರ ಮ್ಯಾಲ ಟವರ್ ನಿಂದ್ರಸೂದು ಯಾವ ಪದ್ಧತಿ?"

"ಸ್ಲ್ಯಾಬ್ ನಂದು!"

"ಸ್ಲ್ಯಾಬ್ ನಿಮ್ದು. ಸ್ಲ್ಯಾಬ್ ಕುಂತದ್ದು ಯಾರ ಹೆಗಲ ಮ್ಯಾಲ?"

ಹಿಂದೆ ಯಾರೋ ಕಿಸಕ್ಕೆಂದರು. ಕಂಪನಿಯವನು ನಡುವೆ ಬಂದ. "ಮಾವಶೀ, ಕಾಹೀ ಹೋಣಾರ ನಾಹೀ. ಏನೂ ಆಗೂದಿಲ್ರಿ. ಮನೀ ಭಾರ ತಾಳತೈತಂತ ನಮ್ಮ ಎಂಜಿನಿಯರ್ ಬರದ ಕೊಟ್ಟಾರ."

"ಆ ಎಂಜಿನಿಯರ್ ಸಾಹೇಬ್ರು ಬಂದಾಗ ಎಲ್ಲಿ ನಿಂತಿದ್ರು?" ಚಾಚಿ ಕೇಳಿದಳು.

"ಮ್ಯಾಲ. ಸ್ಲ್ಯಾಬ್ ಮ್ಯಾಲ."

"ನನ್ನ ಅಡಗೀಮನ್ಯಾಗ ಬರ್ಲಿಲ್ಲ. ಬಂದಿದ್ರ ಚಹಾ ಮಾಡ್ತಿದ್ನಿ, ಹೊಟ್ಟಿ ಬಿಟ್ಟ ಗ್ವಾಡೀನೂ ತೋರಸ್ತಿದ್ನಿ."

ಅವನು ಕಾಕಾನ ಕಡೆ ತಿರುಗಿದ. "ಗೋಡೆ ಹಳೇದು ಅಂತ ನೀವು ಹೇಳಲೇ ಇಲ್ಲಲ್ಲ," ಅನ್ನುವ ನೋಟ ಅದು, ಮಾತಿಲ್ಲದೆಯೇ ನಮಗೆಲ್ಲ ಕೇಳಿಸಿತು.

ಕಾಕಾ ಸುಮ್ಮನಿರುವವನಲ್ಲ. ನಮ್ಮ ಕಡೆ ಕೈ ತೋರಿಸಿದ. "ಇಕಿ ಒಬ್ಬಾಕೀದು ತಕರಾರ. ಉಳದಾವ್ರೆಲ್ಲಾ ಒಪ್ಯಾರ. ಮುಂಜಾನೆದ್ದ ಮಾಳಗಿ ಏರಿ ಹಲೋ ಹಲೋ ಅಂತ ಒದರತೀರಿ, ನೆಟ್‌ವರ್ಕ್ ಬೇಕು, ಟವರ್ ಬ್ಯಾಡ! ಹೌದಿಲ್ಲೋ? ಹೇಳ್ರಿ ಯಾರರೆ!"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ನನ್ನ ಪಕ್ಕದಲ್ಲಿ ಅವ್ವನ ಉಸಿರು ಕೇಳಿಸುತ್ತಿತ್ತು. ಜೀವಮಾನದಲ್ಲಿ ನಾಲ್ಕು ಮಂದಿಯ ಮುಂದೆ ಎದ್ದು ಮಾತಾಡಿದವಳಲ್ಲ ಅವಳು. ನನ್ನ ಭುಜಕ್ಕೆ ಕೈ ಊರಿ ಎದ್ದಳು.

"ಅಣ್ಣಾರ, ನಾ ಪೇಡೆ ತಿಂದೀನಿ. ಚಲೋ ಇತ್ತು. ಆದ್ರೂ ನನ್ನ ತಕರಾರ ಐತಿ."

ತಿಂದವಳು ತಿಂದೆ ಅಂತ ಒಪ್ಪಿಕೊಂಡೇ ಎದುರು ನಿಂತದ್ದನ್ನು ನಮ್ಮೂರು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಎದ್ದೆ. "ನಾನೂ ತಿಂದೀನ್ರಿ. ನಂದೂ ತಕರಾರ." ಆಚೆ ಕೂತಿದ್ದವಳು ಎದ್ದಳು. ಮೊಮ್ಮಗಳಿಗೆ ಕೊಟ್ಟವಳೂ ಎದ್ದಳು, ಅವಳ ದನಿ ಎಲ್ಲರಿಗಿಂತ ದೊಡ್ಡದಿತ್ತು. ಮುತ್ಯಾ ಮಾತ್ರ ಕೂತಲ್ಲಿಂದಲೇ ಕೋಲು ಕುಟ್ಟಿದ.

"ಏ ತಮ್ಮಾ, ನಾವ ತಿಂದದ್ದು ನಿನ್ನ ಮಗಳ ಮದವೀ ಪೇಡೆ ಅಂತ. ಟವರಿನ ಪೇಡೆ ಅಂದಿದ್ರ ಅಲ್ಲೇ ಉಗುಳತಿದ್ನಿ. ಮದವಿ ಗೊತ್ತಾಗ್ಲಿ, ಮತ್ತ ತಿಂತೇವಿ."

"ನೀವ ಯಾವಾಗ ತಿಂದ್ರಿ ಮಾವಾ?" ಅವ್ವ ತಿರುಗಿ ಕೇಳಿದಳು. "ನಿಮಗ ಸಿಹಿ ಬ್ಯಾಡಂತ ಡಾಕ್ಟರ್ ಹೇಳ್ಯಾರಲ್ಲ!"

ಅಧ್ಯಕ್ಷಿಣಿ ಸೆರಗು ಬಾಯಿಗೆ ಒತ್ತಿಕೊಂಡರು. ಕಾಕಾನ ತುಟಿಯೂ ಒಂದು ಕ್ಷಣ ನಡುಗಿತು, ಆದರೆ ಅವನು ಅದನ್ನು ನಗುವಾಗಲು ಬಿಡಲಿಲ್ಲ.

ಆಮೇಲೆ ಪಿಡಿಓ ಸಾಹೇಬರು ನಿಯಮ ಓದಿ ಹೇಳಿದರು. ಪಕ್ಕದವರ ತಕರಾರನ್ನು ಕೇಳದೆ ಬಿಡುವಂತಿಲ್ಲ. ಕಟ್ಟಡ ಭಾರ ತಾಳುತ್ತದೆ ಅನ್ನುವವರು ಅದನ್ನು ಹೊತ್ತ ಗೋಡೆಯನ್ನೂ ನೋಡಿ ಬರೆದುಕೊಡಬೇಕು. ಬೇರೆ ಬಯಲು ಜಾಗ ಇದ್ದರೆ ಅದನ್ನೂ ವಿಚಾರಿಸಬೇಕು. ಜಾಗ ಎಲ್ಲಿದೆ ಅಂತ ಅವರು ಕೇಳುವುದೇ ತಡ, ಹೆಂಗಸರೆಲ್ಲ ಒಟ್ಟಿಗೆ ಹೇಳಿದರು: ಊರಾಚೆ, ಕನ್ನಡ ಸಾಲಿಯಿಂದ ದೂರ, ಗಾಯರಾಣದ ದಿಬ್ಬ. ದನ ಮೇಯುವ ಪಾಳು ನೆಲ ಅದು. ಕಂಪನಿಯವನು ಎತ್ತರ ಚೆನ್ನಾಗಿದೆಯೇ ಅಂತ ಕೇಳಿದ. "ಊರಿಗೇ ಎತ್ತರ, ಬರ್ರಿ ತೋರಸ್ತೇವಿ," ಅಂದಳು ಅವ್ವ. ಒಮ್ಮೆ ಬಾಯಿ ಬಿಟ್ಟವಳಿಗೆ ಈಗ ಮುಚ್ಚುವುದು ಕಷ್ಟವಾಗಿತ್ತು. ಓಣಿಯ ಮನೆಯ ಮೇಲೆ ಬೇಡ, ದಿಬ್ಬ ನೋಡಬೇಕು ಅಂತ ಠರಾವು ಆಯಿತು.

ಕಾಕಾ ಬಟ್ಟಲನ್ನು ಮುಟ್ಟದೆ ಎದ್ದು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, "ಸಾಮಾನ ಇಳಿಸೇನಿ. ಎತ್ತೂದಿಲ್ಲ. ನೋಡ್ತನಿ ಏನ ಮಾಡ್ತೀರಿ," ಅಂದ.

ಎತ್ತಲೂ ಇಲ್ಲ. ಟವರಿನ ಕಬ್ಬಿಣ ಚಾಚಿಯ ಬಾಗಿಲ ಮುಂದೆ ಹಾಗೇ ಬಿದ್ದಿತು. ಒಳಗೆ ಹೋಗಲು ಹೊರಗೆ ಬರಲು ಚಾಚಿ ಅದನ್ನು ಸುತ್ತು ಹಾಕಿ ನಡೆಯಬೇಕು. ನಾವು ಪಂಚಾಯಿತಿಗೆ ಇನ್ನೊಮ್ಮೆ ಹೋಗೋಣ ಅಂದೆವು. ಚಾಚಿ ಬೇಡ ಅಂದಳು. ಈದ್ ಹತ್ತಿರ ಬಂದಿತ್ತು, ಶಾವಿಗೆ ಹೊಸೆಯುವ ದಿನ. ಮುಂಜಾನೆ ನಾವು ಹಿಟ್ಟು ಹಿಡಿದು ಹೋದಾಗ ಅವಳು ಆ ಕಬ್ಬಿಣದ ಉದ್ದುದ್ದ ಪಟ್ಟಿಗಳನ್ನು ನೀರು ಹಾಕಿ ತಿಕ್ಕುತ್ತಿದ್ದಳು. ಎರಡು ಕಲ್ಲುಗಳ ಮೇಲೆ ಅಡ್ಡಲಾಗಿ ಇಟ್ಟು, ಮಡಿ ಮಾಡಿದ ಹಳೇ ಸೀರೆ ಸುತ್ತಿ, ಹೊಸೆದ ಶಾವಿಗೆಯನ್ನೆಲ್ಲ ಅದರ ಮೇಲೆ ಇಳಿಬಿಟ್ಟಳು. ಬಿಸಿಲಿಗೆ ಕಬ್ಬಿಣ ಕಾದು, ಶಾವಿಗೆ ಕೋಲಿನ ಮೇಲಿಗಿಂತ ಬೇಗ ಒಣಗಿತು. ನಾವೂ ನಮ್ಮ ಮನೆಯದನ್ನು ತಂದು ಹಾಕಿದೆವು. ಓಣಿಗೆ ಓಣಿಯೇ ಬೆಳ್ಳಗೆ ತೂಗಾಡತೊಡಗಿತು.

ಕಾಕಾ ತನ್ನ ಕಟ್ಟೆಗೆ ಬಂದು ನೋಡಿದ. ಒಣಗುವ ಶಾವಿಗೆಯನ್ನು ದಾಟಿ ಯಾರೂ ಕಾಲಿಡುವುದಿಲ್ಲ, ಅವನೂ ಇಡುವವನಲ್ಲ. "ಇದು ಕಂಪನಿ ಮಾಲ್ ಐತಿ!" ಅಂತ ಕೂಗಿದ.

"ಕಂಪನಿಯಾವ್ರು ಬಂದ್ರ ಒಂದ ವಾಟಗಾ ಶೀರಖುರ್ಮಾ ಕೊಡ್ತನಿ," ಅಂದಳು ಚಾಚಿ, ಶಾವಿಗೆ ಬಿಡಿಸುತ್ತಲೇ. "ನಿಮಗೂ ಕೊಡ್ತನಿ. ತಿಂದ್ರ ಯಾವದಕ್ಕೂ ಒಪ್ಪಿದಂಗ ಅಲ್ಲ, ಹೆದರಬ್ಯಾಡ್ರಿ."

ಈದ್ ಮುಗಿದ ವಾರ ಟೆಂಪೋ ಬಂದು ಕಬ್ಬಿಣವನ್ನು ದಿಬ್ಬಕ್ಕೆ ಒಯ್ದಿತು. ಅಲ್ಲೇ ಟವರ್ ಎದ್ದಿತು. ಕಾಕಾನಿಗೆ ತಿಂಗಳ ಬಾಡಿಗೆ ತಪ್ಪಿತು. ಅವನು ಓಣಿಯಲ್ಲಿ ಯಾರ ಜೊತೆಗೂ ಮಾತಾಡುವುದನ್ನು ಬಿಟ್ಟ. ನಮಗೂ ಅದರಿಂದ ಬೇಸರವಾಯಿತು, ಆದರೆ ಯಾರೂ ಕ್ಷಮೆ ಕೇಳಲು ಹೋಗಲಿಲ್ಲ. ಕೇಳುವಂಥದ್ದು ನಾವೇನೂ ಮಾಡಿರಲಿಲ್ಲ.

ಮಳೆ ಹಿಡಿಯುವ ಮೊದಲು ಚಾಚಿ ನಡುಗೋಡೆಗೆ ಮಣ್ಣಿನ ಗಿಲಾವ ಮೆತ್ತಿಸಲು ಗೋಡೆ ಕಟ್ಟುವ ಗವಂಡಿಯನ್ನು ಕರೆಸಿದಳು. ಒಂದೇ ಬದಿ ಮೆತ್ತಿದರೆ ನಿಲ್ಲುವುದಿಲ್ಲ, ಆಚೆ ಕಡೆಯಿಂದಲೂ ಮೆತ್ತಬೇಕು ಅಂದ ಅವನು. ಚಾಚಿ ಹೋಗಿ ಕಾಕಾನ ಬಾಗಿಲು ಬಡಿದಳು. ಕಾಕಾ ತೆರೆದ. ಅವಳ ಹಿಂದೆ ಗವಂಡಿ ಮಣ್ಣಿನ ಬುಟ್ಟಿ ಹೊತ್ತು ನಿಂತಿದ್ದ. ಕಾಕಾ ಇಬ್ಬರನ್ನೂ ನೋಡಿ, ಒಳಗೆ ಹೋಗಿ, ನಡುಗೋಡೆಗೆ ತಾಗಿ ನಿಂತಿದ್ದ ಕಪಾಟನ್ನು ತಾನೇ ಎಳೆದು ಸರಿಸಿದ. ಕತ್ತಲಾಗುವುದರೊಳಗೆ ಎರಡೂ ಬದಿಯ ಗಿಲಾವ ಮುಗಿಯಿತು.